ಕೆಂಚ ಮಡಿಲು ಹತ್ತಿದ, ಬೂದಿ ಸಿಲಿಂಡರ್ ಹಿಂದೆ ನುಗ್ಗಿದಳು

ಜುಲೈ ತಿಂಗಳ ಒಂದು ಸಂಜೆ. ಮೈಸೂರಿನಲ್ಲಿ ಎರಡು ದಿನದಿಂದ ಬಿಡದ ಜಿಟಿಜಿಟಿ ಮಳೆ. ನಮ್ಮ ಬೀದಿಯ ಖಾಲಿ ಸೈಟಿನಲ್ಲಿ ಪೇರಿಸಿಟ್ಟ ಇಟ್ಟಿಗೆಗಳ ಸಂದಿಯಿಂದ ಎರಡು ಬೆಕ್ಕಿನಮರಿಗಳನ್ನು ಎತ್ತಿಕೊಂಡು ಬಂದೆ. ಅಡುಗೆಮನೆ ನೆಲದ ಮೇಲೆ ಹಳೆ ಟವೆಲ್ ಹಾಸಿ ಎರಡನ್ನೂ ಬಿಟ್ಟೆ. ಕೆಂಚು ಬಣ್ಣದ ಗಂಡುಮರಿ ಮೈ ಕೊಡವಿಕೊಂಡಿತು, ನನ್ನ ಮಂಡಿ ಮೂಸಿತು, ಸೀದಾ ಮಡಿಲು ಹತ್ತಿತು. ಬೂದುಪಟ್ಟೆಯ ಹೆಣ್ಣುಮರಿ ಗ್ಯಾಸ್ ಸಿಲಿಂಡರ್ ಹಿಂದೆ ನುಗ್ಗಿತು. ರಾತ್ರಿ ಮನೆಯವರೆಲ್ಲ ಮಲಗಿ ಸದ್ದಡಗುವವರೆಗೂ ಹೊರಗೆ ಬರಲಿಲ್ಲ.

ಗಂಡಿಗೆ ಕೆಂಚ ಅಂತ, ಹೆಣ್ಣಿಗೆ ಬೂದಿ ಅಂತ ಹೆಸರಾಯಿತು. ಒಂದೇ ತಾಯಿ, ಒಂದೇ ಇಟ್ಟಿಗೆ ಸಂದಿ, ಒಂದೇ ಮಳೆ. ಆದರೂ ಒಬ್ಬನಿಗೆ ಜಗತ್ತೆಲ್ಲ ನೆಂಟರ ಮನೆ, ಇನ್ನೊಬ್ಬಳಿಗೆ ಎಲ್ಲವೂ ಅಪಾಯ. ಬೀದಿ ಮರಿಗಳನ್ನು ಸಾಕಿದವರು ಇದನ್ನು ಮತ್ತೆ ಮತ್ತೆ ನೋಡಿರುತ್ತಾರೆ. ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಇದು ಒಳ್ಳೇದು, ಅದು ಕಾಡು." ಆ ಮಾತು ತಪ್ಪು. ಅದನ್ನು ನಂಬಿದ್ದಕ್ಕೇ ಎಷ್ಟೋ ಪುಕ್ಕಲು ಮರಿಗಳು ವಾಪಸ್ ಬೀದಿಗೆ ಹೋಗುತ್ತವೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಎತ್ತಿಕೊಳ್ಳುವ ಮೊದಲು

ಬೆಕ್ಕು ಮರಿ ಹಾಕಿದ ಮೇಲೆ ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಲೆಕ್ಕ ಏಳೇ ಆಗಬೇಕೆಂದಿಲ್ಲ, ಆದರೆ ಮಾತು ನಿಜ. ತಾಯಿ ಬೆಕ್ಕು ಒಂದೊಂದೇ ಮರಿಯನ್ನು ಕತ್ತಿನ ಚರ್ಮದಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಒಂಟಿಯಾಗಿ ಕಂಡ ಮರಿಯನ್ನು ನಾವು ಅನಾಥ ಎಂದುಕೊಂಡು ಎತ್ತಿಕೊಂಡರೆ, ಅದನ್ನು ಅನಾಥ ಮಾಡಿದವರು ನಾವೇ. ಮರಿ ಒಣಗಿದ್ದು, ಹೊಟ್ಟೆ ಗುಂಡಗಿದ್ದು, ಸದ್ದಿಲ್ಲದೆ ಮಲಗಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ದೂರ ನಿಂತು ಕೆಲವು ಗಂಟೆ ಕಾಯಬೇಕು. ಮೈ ಕೊಳಕಾಗಿ, ತಣ್ಣಗಾಗಿ, ಬಿಡದೆ ಅರಚುತ್ತಿದ್ದರೆ ಮಾತ್ರ ಕೈ ಹಾಕಬೇಕು.

ನಮ್ಮ ಮರಿಗಳ ತಾಯಿ ಮೂರು ಬಣ್ಣದ್ದು. ಹಿಂದಿನ ದಿನ ರಸ್ತೆಯಲ್ಲಿ ಸತ್ತಿದ್ದನ್ನು ಬೀದಿಯವರು ನೋಡಿದ್ದರು. ಅದಕ್ಕೇ ಕಾಯಲಿಲ್ಲ.

ತಂದ ಕೂಡಲೇ ತೂಕ ನೋಡಿದೆ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಕೆಂಚ 430 ಗ್ರಾಂ, ಬೂದಿ 370 ಗ್ರಾಂ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ ಇರುತ್ತದೆ, ಆಮೇಲೆ ವಾರಕ್ಕೆ ಹತ್ತಿರ ಹತ್ತಿರ 100 ಗ್ರಾಂ ಏರುತ್ತದೆ. ಆದರೆ ಬೀದಿಯ ಮರಿ ಹಸಿದು ಬಡಕಲಾಗಿರುವುದರಿಂದ ಬರೀ ತೂಕ ನಂಬಿ ವಯಸ್ಸು ಹೇಳಬಾರದು. ಹಲ್ಲು ನೋಡಬೇಕು. ಮುಂದಿನ ಸಣ್ಣ ಹಲ್ಲು ಮೂರನೇ ವಾರದಲ್ಲಿ, ಕೋರೆಹಲ್ಲು ನಾಲ್ಕನೇ ವಾರದ ಆಸುಪಾಸಿನಲ್ಲಿ, ಅದರ ಹಿಂದಿನವು ಐದು-ಆರನೇ ವಾರದಲ್ಲಿ ಬರುತ್ತವೆ. ಇವೆರಡಕ್ಕೂ ಕೋರೆಹಲ್ಲು ಬಂದಿತ್ತು, ಹಿಂದಿನವು ಈಗಷ್ಟೇ ಮೊಳೆಯುತ್ತಿದ್ದವು. ಕಣ್ಣು ಇನ್ನೂ ನೀಲಿ. ಎಲ್ಲ ಮರಿಗಳ ಕಣ್ಣೂ ಮೊದಲು ನೀಲಿಯೇ. ನಿಜವಾದ ಬಣ್ಣ ಬರಲು ಶುರುವಾಗುವುದು ಆರು-ಏಳು ವಾರಕ್ಕೆ. ಅಂದರೆ ಇವಕ್ಕೆ ಹೆಚ್ಚುಕಡಿಮೆ ಐದು ವಾರ.

ಈ ಐದು ವಾರ ಎಂಬುದನ್ನು ನೆನಪಿಡಿ. ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಮೊದಲ ರಾತ್ರಿಯ ನಿಯಮ ಒಂದೇ: ಮೊದಲು ಬಿಸಿ, ಆಮೇಲೆ ಊಟ. ತಣ್ಣಗಿರುವ ಮರಿಗೆ ಊಟ ಅರಗುವುದಿಲ್ಲ, ಪ್ರಾಣಕ್ಕೇ ಅಪಾಯ. ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟೆ. ಮರಿಗೆ ಬೇಡ ಅನ್ನಿಸಿದಾಗ ದೂರ ಸರಿಯಲು ಜಾಗ ಇರಬೇಕು. ಹಸುವಿನ ಹಾಲು ಕೊಡಲಿಲ್ಲ. ಅದರಲ್ಲಿರುವ ಲ್ಯಾಕ್ಟೋಸ್ ಎಷ್ಟೋ ಮರಿಗಳಿಗೆ ಅರಗುವುದಿಲ್ಲ. ಭೇದಿ ಹತ್ತಿಕೊಂಡರೆ ಇಷ್ಟು ಚಿಕ್ಕ ದೇಹದಲ್ಲಿ ನೀರಿನಂಶ ಬೇಗ ಖಾಲಿಯಾಗುತ್ತದೆ. ಇನ್ನೂ ಚಿಕ್ಕ ಮರಿಯಾದರೆ ಮೆಡಿಕಲ್ ಅಂಗಡಿ ಅಥವಾ ಪೆಟ್ ಅಂಗಡಿಯಲ್ಲಿ ಸಿಗುವ ಬೆಕ್ಕಿನಮರಿಯ ಹಾಲಿನ ಪುಡಿಯೇ ಬೇಕು. ಅದನ್ನು ಕುಡಿಸುವಾಗ ಮರಿ ಹೊಟ್ಟೆ ಕೆಳಗಾಗಿರಬೇಕು. ಮಗುವಿನ ಥರ ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮೂರು ವಾರದೊಳಗಿನ ಮರಿ ತಾನಾಗಿ ಉಚ್ಚೆ-ಕಕ್ಕ ಮಾಡುವುದಿಲ್ಲ. ತಾಯಿ ನೆಕ್ಕುವ ಹಾಗೆ, ಬಿಸಿನೀರಿನಲ್ಲಿ ಅದ್ದಿದ ಹತ್ತಿಯಿಂದ ನಾವು ಮೆಲ್ಲಗೆ ಒರೆಸಿ ಮಾಡಿಸಬೇಕು.

ನಮ್ಮದು ಸಸ್ಯಾಹಾರಿ ಮನೆ. ಎದುರು ಮನೆಯ ಸೊಸೆ ಉಪ್ಪು-ಖಾರ ಇಲ್ಲದೆ ಕೋಳಿ ಬೇಯಿಸಿ, ನುಣ್ಣಗೆ ಮಾಡಿ ತಂದುಕೊಟ್ಟರು. ಮರುದಿನದಿಂದ ಮರಿಗಳಿಗೆಂದೇ ಸಿಗುವ ಒದ್ದೆ ಆಹಾರದ ಪೊಟ್ಟಣ, ದಿನಕ್ಕೆ ನಾಲ್ಕು ಸಲ. ಹಾಲನ್ನ, ಮೊಸರನ್ನ ಹಾಕಿಯೇ ನಮ್ಮ ಅಜ್ಜಿಯರು ಬೆಕ್ಕು ಸಾಕಿದ್ದಾರಲ್ವಾ ಅಂತ ಕೇಳಬಹುದು. ಆ ಬೆಕ್ಕುಗಳು ಹಗಲೂ ರಾತ್ರಿ ಇಲಿ, ಹಲ್ಲಿ, ಹಕ್ಕಿ ಹಿಡಿದು ತಿನ್ನುತ್ತಿದ್ದವು. ಮನೆಯೊಳಗೇ ಇರುವ ಬೆಕ್ಕಿಗೆ ಆ ದಾರಿ ಇಲ್ಲ. ಬೆಕ್ಕಿಗೆ ಟಾರಿನ್ ಎಂಬ ಅಂಶ ಬೇಕೇ ಬೇಕು. ಬೆಕ್ಕಿನ ದೇಹ ಅದನ್ನು ಸಾಕಷ್ಟು ತಯಾರಿಸಿಕೊಳ್ಳುವುದಿಲ್ಲ, ಮಾಂಸದಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದುರ್ಬಲವಾಗುತ್ತದೆ. ಮಾಂಸ ಮುಟ್ಟದ ಮನೆಯವರಿಗೆ ಪೊಟ್ಟಣದ ಆಹಾರ ಒಂದು ಒಳ್ಳೆಯ ದಾರಿ.

ಇಬ್ಬರಿಗೂ ಸ್ವಭಾವ ಬೇರೆ ಯಾಕೆ?

ಮೂರನೇ ದಿನ ಎದುರು ಮನೆ ಅಜ್ಜಿ ನೋಡಲು ಬಂದರು. ಕೆಂಚ ಅವರ ಸೆರಗು ಎಳೆದ. ಬೂದಿ ಕಾಣಲೇ ಇಲ್ಲ. ಅಜ್ಜಿ ಹೇಳಿದರು: "ಆ ಕೆಂಚು ಗಂಡು ಕೊತ್ತಿ ಬೀದೀಲಿ ಮನೆಮಗನ ಥರ ಓಡಾಡ್ತದೆ. ಕರಿ ಗಂಡು ಯಾರ ಕೈಗೂ ಸಿಗಲ್ಲ. ಇವೆರಡೂ ಒಂದೇ ಅಪ್ಪನ ಮಕ್ಕಳಲ್ಲ ಕಣಮ್ಮ."

ಅಜ್ಜಿಯ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಹೆಣ್ಣು ಬೆಕ್ಕು ಬೆದೆಗೆ ಬಂದಾಗ ಹಲವು ಗಂಡುಗಳ ಜೊತೆ ಕೂಡುತ್ತದೆ. ಕೂಡಿದ ಮೇಲೆಯೇ ಅದರ ಅಂಡ ಬಿಡುಗಡೆಯಾಗುತ್ತದೆ. ಹಾಗಾಗಿ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು. ಬೀದಿ ಬೆಕ್ಕುಗಳಲ್ಲಿ ಇದು ಅಪರೂಪವಲ್ಲ. ಅಪ್ಪನ ಸ್ವಭಾವ ಮರಿಗೆ ಬರುತ್ತದೆಯೇ? ಬರುತ್ತದೆ. ಸಾಂಡ್ರಾ ಮೆಕ್ಯೂನ್ ಎಂಬ ಸಂಶೋಧಕಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಸ್ನೇಹದ ಗಂಡು ಬೆಕ್ಕಿನ ಮರಿಗಳು ಒಂದು ವರ್ಷದವಾದಾಗ ಹೊಸ ಜನರ ಹತ್ತಿರ ಬೇಗ ಹೋದವು. ಜನರ ಹತ್ತಿರ ಮಾತ್ರ ಅಲ್ಲ, ಮೊದಲ ಬಾರಿ ಕಂಡ ವಸ್ತುವಿನ ಹತ್ತಿರವೂ ಹೋದವು. ಅಂದರೆ ಅಪ್ಪನಿಂದ ಬಂದದ್ದು ಮನುಷ್ಯರ ಮೇಲಿನ ಪ್ರೀತಿ ಅಲ್ಲ, ಹೊಸದನ್ನು ಎದುರಿಸುವ ಧೈರ್ಯ. ಗಂಡು ಬೆಕ್ಕು ಮರಿ ಸಾಕುವುದಿಲ್ಲ. ಹಾಗಾಗಿ ಇದು ಅಪ್ಪನನ್ನು ನೋಡಿ ಕಲಿತದ್ದೂ ಅಲ್ಲ. ಹುಟ್ಟಿನಿಂದಲೇ ಬಂದದ್ದು.

ಬಣ್ಣದ ವಿಷಯದಲ್ಲಿ ಅಜ್ಜಿಯ ಲೆಕ್ಕ ಅರ್ಧ ಸರಿ. ಬೆಕ್ಕಿನ ಕೆಂಚು ಬಣ್ಣದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಇಂಥದ್ದೇ ಜೀನ್ ಅಂತ ಜಪಾನ್ ಮತ್ತು ಅಮೆರಿಕದ ಎರಡು ತಂಡಗಳು 2025ರಲ್ಲಿ ಗುರುತಿಸಿ ಪ್ರಕಟಿಸಿದವು. ಗಂಡುಮರಿಗೆ ಒಂದೇ ಎಕ್ಸ್, ಅದು ತಾಯಿಯಿಂದ ಬರುತ್ತದೆ. ಹಾಗಾಗಿ ಕೆಂಚನ ಬಣ್ಣ ಅವನ ತಾಯಿಯದು. ಮೂರು ಬಣ್ಣದ ತಾಯಿಯಲ್ಲಿ ಆ ಜೀನ್ ಇತ್ತಲ್ಲ. ಅವನ ಬಣ್ಣ ನೋಡಿ ಅಪ್ಪ ಯಾರು ಅಂತ ಹೇಳಲಾಗದು. ಬೂದಿಯ ಕತೆ ಬೇರೆ. ಹೆಣ್ಣುಮರಿಗೆ ಒಂದು ಎಕ್ಸ್ ಅಪ್ಪನಿಂದ ಬರುತ್ತದೆ. ಕೆಂಚು ಬೆಕ್ಕು ಅಪ್ಪನಾಗಿದ್ದರೆ ಅವಳ ಮೈಮೇಲೆ ಎಲ್ಲೋ ಒಂದು ಕಡೆ ಕೆಂಚು ಕಾಣಬೇಕಿತ್ತು. ಎಲ್ಲೂ ಇಲ್ಲ. ಅಂದರೆ ಮನೆಮಗನಂತೆ ಓಡಾಡುವ ಆ ಬೆಕ್ಕು ಬೂದಿಯ ಅಪ್ಪ ಅಲ್ಲ. ಇಷ್ಟನ್ನು ಖಚಿತವಾಗಿ ಹೇಳಬಹುದು.

ಹಾಗಾದರೆ ಎಲ್ಲ ಹಣೆಬರಹವೇ? ಅಲ್ಲ. ಮೆಕ್ಯೂನ್ ಅಧ್ಯಯನದಲ್ಲೇ ಇನ್ನೊಂದು ಅರ್ಧ ಇದೆ. ಎರಡು ವಾರದಿಂದ ಹನ್ನೆರಡು ವಾರದವರೆಗೆ ಮನುಷ್ಯರು ಎತ್ತಿ ಆಡಿಸಿದ ಮರಿಗಳು, ಯಾರೂ ಮುಟ್ಟದೆ ಬೆಳೆದ ಮರಿಗಳಿಗಿಂತ ಜನರ ಜೊತೆ ಹೆಚ್ಚು ಹೊಂದಿಕೊಂಡವು. ಇದಕ್ಕೂ ಮೊದಲು, 1980ರ ದಶಕದಲ್ಲಿ, ಅಮೆರಿಕದ ಐಲೀನ್ ಕಾರ್ಶ್ ಅವರ ಕೆಲಸದಿಂದ ಮುಖ್ಯವಾದ ಒಂದು ಸಂಗತಿ ಗೊತ್ತಾಗಿತ್ತು. ಮರಿಯ ಬಾಳಿನಲ್ಲಿ ಒಂದು ಬಾಗಿಲು ಇದೆ. ಅದು ಎರಡನೇ ವಾರದಲ್ಲಿ ತೆರೆಯುತ್ತದೆ, ಏಳನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತಾ ಬರುತ್ತದೆ. ಆ ಅವಧಿಯಲ್ಲಿ ಮನುಷ್ಯರ ಕೈ, ವಾಸನೆ, ದನಿ ಸಿಕ್ಕ ಮರಿಗೆ ಮನುಷ್ಯರು ಮಾಮೂಲಿ ಆಗಿಬಿಡುತ್ತಾರೆ. ಆಮೇಲೆ ಕಲಿಯುವುದಿಲ್ಲ ಅಂತಲ್ಲ. ಕಲಿಯಲು ಹಲವು ಪಟ್ಟು ಸಮಯ ಬೇಕು.

ನಮ್ಮ ಮರಿಗಳಿಗೆ ಐದು ವಾರ. ಎರಡು ವಾರ ಮಾತ್ರ ಉಳಿದಿತ್ತು. ಕೆಂಚನಂಥ ಮರಿಗೆ ಅಷ್ಟು ಬೇಕಾದಷ್ಟಾಯಿತು. ಬೂದಿಯಂಥ ಮರಿಗೆ ಒಂದೊಂದು ದಿನವೂ ಬೆಲೆಯುಳ್ಳದ್ದು. ಆ ದಿನಗಳಲ್ಲೇ ನಾನು ದೊಡ್ಡ ತಪ್ಪು ಮಾಡಿದೆ.

ನಾಲ್ಕನೇ ದಿನ ಬೂದಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೊತ್ತಾಗುತ್ತಿತ್ತು. ಸಿಲಿಂಡರ್ ಹಿಂದೆ ಕೈ ಹಾಕಿ ಎಳೆದೆ. ಅವಳು ಉಸ್ ಎಂದು ಉಗಿದಳು, ಪರಚಿದಳು, ನನ್ನ ಕೈಯಲ್ಲೇ ಉಚ್ಚೆ ಹೊಯ್ದುಕೊಂಡಳು. ಅಲ್ಲಿಯವರೆಗೆ ರಾತ್ರಿ ನಾನು ಕೂತಿದ್ದಾಗಲೂ ಎರಡಡಿ ದೂರದಲ್ಲಿ ತಿನ್ನುತ್ತಿದ್ದವಳು, ಆಮೇಲೆ ಐದು ದಿನ ನನ್ನ ಕಾಲ ಸದ್ದು ಕೇಳಿದರೆ ಸಾಕು, ಊಟ ಬಿಟ್ಟು ಓಡುತ್ತಿದ್ದಳು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಮಗೆಲ್ಲ ಗೊತ್ತು. ಕೃಷ್ಣದೇವರಾಯ ಸಾಕಲು ಕೊಟ್ಟ ಬೆಕ್ಕಿಗೆ ರಾಮಕೃಷ್ಣ ಮೊದಲ ದಿನವೇ ಸುಡುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲಿನ ಬಟ್ಟಲು ಕಂಡರೆ ಓಡುತ್ತಿತ್ತು. ಚಿಕ್ಕಂದಿನಲ್ಲಿ ನಕ್ಕು ಮರೆತ ಕತೆ. ಆದರೆ ಬೆಕ್ಕಿನ ಮನಸ್ಸು ಕೆಲಸ ಮಾಡುವುದು ನಿಜಕ್ಕೂ ಹಾಗೆಯೇ. ತಾನೂ ಬೇಟೆಯಾಡುವ, ತನ್ನನ್ನೂ ಬೇಟೆಯಾಡುವವರಿರುವ ಚಿಕ್ಕ ಪ್ರಾಣಿ ಅದು. ಒಂದು ಸಲ ಆದ ಅಪಾಯವನ್ನು ಮರೆತರೆ ಎರಡನೇ ಸಲಕ್ಕೆ ಬದುಕಿರುವುದಿಲ್ಲ. ಧೈರ್ಯದ ಮರಿ ಒಂದು ಕೆಟ್ಟ ಅನುಭವವನ್ನು ಹತ್ತು ಒಳ್ಳೆಯ ಅನುಭವದ ನಡುವೆ ಕರಗಿಸಿಕೊಳ್ಳುತ್ತದೆ. ಪುಕ್ಕಲು ಮರಿಯ ಹತ್ತಿರ ಆ ಹತ್ತು ಇರುವುದಿಲ್ಲ. ನಾವು ಕೊಟ್ಟಿರಬೇಕು.

ಇನ್ನೊಂದು ಮಾತು. ಎಲ್ಲ ಅಡಗುವಿಕೆಯೂ ಸ್ವಭಾವವಲ್ಲ. ಮೈಯಲ್ಲಿ ಆರಾಮಿಲ್ಲದ ಮರಿಯೂ ಮೂಲೆ ಸೇರುತ್ತದೆ. ಬೂದಿಯ ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕಸ ತುಂಬಿತ್ತು. ಅದು ಕಿವಿಯ ನುಸಿಹುಳದ ಕೆಲಸ. ಹೊಟ್ಟೆಯಲ್ಲಿ ಜಂತು, ಮೈತುಂಬ ಚಿಗಟ. ಇಷ್ಟು ಚಿಕ್ಕ ಮರಿಯಲ್ಲಿ ಚಿಗಟಗಳು ಹೀರುವ ರಕ್ತವೇ ಜೀವಕ್ಕೆ ಮುಳುವಾಗಬಹುದು. ಕಿವಿಯ ತುರಿಕೆ ನಿಂತ ಮೇಲೆ ಅವಳ ಭಯ ಹೋಗಲಿಲ್ಲ, ಆದರೆ ಸಿಡುಕು ಹೋಯಿತು. "ಈ ಮರಿ ಸ್ವಭಾವವೇ ಹೀಗೆ" ಎನ್ನುವ ಮೊದಲು ಡಾಕ್ಟರಿಗೆ ತೋರಿಸಿ.

ಪುಕ್ಕಲು ಮರಿಯ ಜೊತೆ

ನನ್ನ ತಪ್ಪಿನ ನಂತರ ಮಾಡಿದ ಮೊದಲ ಕೆಲಸ, ಬೂದಿಯ ಜಗತ್ತನ್ನು ಚಿಕ್ಕದು ಮಾಡಿದ್ದು. ಇಡೀ ಮನೆ ಅವಳಿಗೆ ತುಂಬಾ ದೊಡ್ಡದು. ಒಂದು ಚಿಕ್ಕ ಕೋಣೆ ಕೊಟ್ಟೆ. ಮಂಚದಡಿ ಸಾಮಾನು ತುಂಬಿ ಮುಚ್ಚಿದೆ. ಆದರೆ ಅಡಗುವ ಜಾಗವನ್ನು ಪೂರ್ತಿ ಕಿತ್ತುಕೊಳ್ಳಲಿಲ್ಲ. ನಾನೇ ಆರಿಸಿದ ಅಡಗುತಾಣ ಕೊಟ್ಟೆ: ಎರಡು ಕಡೆ ತೂತು ಮಾಡಿದ ರಟ್ಟಿನ ಡಬ್ಬ. ಒಂದೇ ಬಾಗಿಲಿನ ಡಬ್ಬ ಬೆಕ್ಕಿಗೆ ಬೋನಿನ ಹಾಗೆ. ಎರಡು ಬಾಗಿಲಿದ್ದರೆ ತಪ್ಪಿಸಿಕೊಳ್ಳುವ ದಾರಿ ಇದೆ ಅಂತ ಗೊತ್ತಿರುತ್ತದೆ. ದಾರಿ ಇದೆ ಅಂತ ಗೊತ್ತಿರುವ ಬೆಕ್ಕು ಓಡುವುದು ಕಡಿಮೆ. ನೆದರ್‌ಲ್ಯಾಂಡ್ಸಿನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತು. ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ, ಅಡಗಲು ಡಬ್ಬ ಸಿಕ್ಕವು ಬೇಗ ಒಗ್ಗಿಕೊಂಡವು. ಡಬ್ಬ ಕೊಟ್ಟರೆ ಹೊರಗೇ ಬರುವುದಿಲ್ಲ ಅನ್ನುವುದು ನಮ್ಮ ಹೆದರಿಕೆ ಅಷ್ಟೇ.

ಎರಡನೆಯದು, ನೆಲದ ಮೇಲೆ ಕೂರುವುದು. ನಿಂತ ಮನುಷ್ಯ ಆ ಮರಿಗೆ ತೆಂಗಿನಮರದಷ್ಟು ಎತ್ತರ. ದಿನಕ್ಕೆ ನಾಲ್ಕು ಸಲ, ಹದಿನೈದು ನಿಮಿಷ, ಕೋಣೆಯಲ್ಲಿ ಪಕ್ಕಕ್ಕೆ ತಿರುಗಿ ಕೂರುತ್ತಿದ್ದೆ. ಅವಳನ್ನು ನೋಡುತ್ತಿರಲಿಲ್ಲ. ಸೊಪ್ಪು ಬಿಡಿಸುತ್ತಿದ್ದೆ, ಪೇಪರ್ ಮೆಲುದನಿಯಲ್ಲಿ ಓದುತ್ತಿದ್ದೆ. ಮೊದಲು ಊಟದ ತಟ್ಟೆ ಡಬ್ಬದ ಬಾಯಲ್ಲಿ. ದಿನಕ್ಕೆ ಒಂದು ಗೇಣು ನನ್ನ ಕಡೆಗೆ. ಅವಳು ತಟ್ಟೆಗೆ ಬರದ ದಿನ ನಾನು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ. ಅದು ಸೋಲು ಅನ್ನಿಸಬಾರದು. ಅವಳು ಹೇಳಿದ್ದನ್ನು ನಾವು ಕೇಳಿಸಿಕೊಂಡೆವು ಅಂತ ಅವಳಿಗೆ ಗೊತ್ತಾಗುವುದು ಹಾಗೆಯೇ.

ಮೂರನೆಯದು, ಉದ್ದ ಹಿಡಿಯ ಮರದ ಸೌಟು. ಅದರ ತುದಿಗೆ ನುಣ್ಣನೆಯ ಕೋಳಿ ಹಚ್ಚಿ ಚಾಚಿದೆ. ಕೈ ದೂರ, ರುಚಿ ಹತ್ತಿರ. ಐದು ದಿನದ ನಂತರ ಚಿಕ್ಕ ಚಮಚ. ಆಮೇಲೆ ಬೆರಳು. ಬೆರಳಿನಿಂದ ನೆಕ್ಕುತ್ತಿದ್ದಾಗ ಇನ್ನೊಂದು ಬೆರಳಿನಿಂದ ಕೆನ್ನೆ ಸವರಿದೆ. ತಲೆಯ ಮೇಲಿಂದ ಕೈ ತರಬಾರದು. ಮೇಲಿಂದ ಬರುವ ಕೈ ಹದ್ದಿನ ಹಾಗೆ. ಕೆಳಗಿನಿಂದ, ಪಕ್ಕದಿಂದ ಬರಬೇಕು. ಕೆನ್ನೆ, ಗದ್ದ, ಕಿವಿಯ ಬುಡ, ಬೆಕ್ಕುಗಳು ಒಪ್ಪುವ ಜಾಗ ಇವು.

ಕಣ್ಣಿನ ಮಾತೂ ಇದೆ. ದಿಟ್ಟಿಸಿ ನೋಡುವುದು ಬೆಕ್ಕಿನ ಭಾಷೆಯಲ್ಲಿ ಜಗಳಕ್ಕೆ ಕರೆ. ನಿಧಾನವಾಗಿ ಕಣ್ಣು ಕಿರಿದು ಮಾಡಿ, ಮುಚ್ಚಿ, ತೆರೆಯುವುದು ಸ್ನೇಹದ ಸೂಚನೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮನುಷ್ಯರು ಹಾಗೆ ನಿಧಾನವಾಗಿ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ತಿರುಗಿ ಕಣ್ಣು ಕಿರಿದು ಮಾಡಿದವು. ಅಪರಿಚಿತರು ಮಾಡಿದರೂ ಅವರ ಕೈ ಹತ್ತಿರ ಬರಲು ಹೆಚ್ಚು ಒಪ್ಪಿದವು. ಬೂದಿ ನನಗೆ ಹಾಗೆ ಮೊದಲ ಬಾರಿ ಕಣ್ಣು ಮುಚ್ಚಿ ತೆರೆದದ್ದು ಹದಿನಾರನೇ ದಿನ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಬರೆದಿಡುವುದು ನಿಜಕ್ಕೂ ಉಪಯೋಗದ ಕೆಲಸ. ಪುಕ್ಕಲು ಮರಿಯ ಬದಲಾವಣೆ ದಿನದಿಂದ ದಿನಕ್ಕೆ ಕಾಣುವುದಿಲ್ಲ. ಎಷ್ಟು ದೂರದಲ್ಲಿ ತಿಂದಳು, ನಾನು ಕೆಮ್ಮಿದಾಗ ಓಡಿದಳಾ, ಓಡಿ ಎಷ್ಟು ಹೊತ್ತಿಗೆ ವಾಪಸ್ ಬಂದಳು. ಈ ಕೊನೆಯದೇ ಮುಖ್ಯ. ಹೆದರುವುದು ನಿಲ್ಲುವುದಕ್ಕಿಂತ ಮುಂಚೆ, ಹೆದರಿದ ಮೇಲೆ ಸುಧಾರಿಸಿಕೊಳ್ಳುವ ಸಮಯ ಕಡಿಮೆಯಾಗುತ್ತದೆ. ಮೊದಲ ವಾರ ಬೂದಿಗೆ ಪ್ರೆಷರ್ ಕುಕ್ಕರಿನ ಒಂದು ಸೀಟಿಗೆ ಎರಡು ಗಂಟೆ ಬೇಕಿತ್ತು. ನಾಲ್ಕನೇ ವಾರ ಐದು ನಿಮಿಷ.

ಧೈರ್ಯದ ಮರಿಯನ್ನು ಮರೆಯಬೇಡಿ

ಪುಕ್ಕಲು ಮರಿಗೆ ನಮ್ಮ ಗಮನವೆಲ್ಲ ಹೋಗುತ್ತದೆ. ಧೈರ್ಯದ್ದು ತಾನಾಗಿ ಬೆಳೆಯುತ್ತದೆ ಎಂದುಕೊಳ್ಳುತ್ತೇವೆ. ಆದರೆ ಜೀವಕ್ಕೆ ಹೆಚ್ಚು ಅಪಾಯ ಇರುವುದು ಅದಕ್ಕೇ. ಬೂದಿ ಬಾಲ್ಕನಿ ಹತ್ತಿರವೂ ಸುಳಿಯಲಿಲ್ಲ. ಕೆಂಚ ಎರಡನೇ ವಾರವೇ ಕಂಬಿಗಳ ನಡುವೆ ತಲೆ ತೂರಿಸಿದ. ಬಾಗಿಲು ತೆರೆದರೆ ರಸ್ತೆ, ನಾಯಿ ಬಂದರೆ ಮೂಸಲು ಹೋಗುತ್ತಾನೆ, ಬಿಸಿ ತವೆಯ ಪಕ್ಕದಲ್ಲಿ ಕೂರುತ್ತಾನೆ. ಬಾಲ್ಕನಿಗೆ ಪಾರಿವಾಳದ ಬಲೆ ಕಟ್ಟಿಸಿದ್ದು, ವಾಷಿಂಗ್ ಮಶೀನ್ ಹಾಕುವ ಮೊದಲು ಒಳಗೆ ನೋಡುವ ಅಭ್ಯಾಸ ಮಾಡಿಕೊಂಡದ್ದು ಅವನಿಂದಲೇ.

ಮದ್ದು-ಮಸಾಲೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲಕ್ಕೂ ಬಾಯಿ ಹಾಕುವುದು ಧೈರ್ಯದ ಮರಿಯೇ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ಕೊಲ್ಲಬಹುದು. ಜ್ವರ ಅಂತ ನಾವು ನುಂಗುವ ಡೋಲೋ ಅದೇ. ಬೆಕ್ಕಿನ ಲಿವರ್ ಇದನ್ನು ಕರಗಿಸಿ ಹೊರಹಾಕಲು ಆಗದು. ಅದೇ ಕಾರಣಕ್ಕೆ ಫಿನಾಯಿಲ್ ಕೂಡ ಅಪಾಯ. ನೆಲ ಒರೆಸಿದ ಮೇಲೆ ಅದರ ಮೇಲೆ ನಡೆದು ಪಾದ ನೆಕ್ಕಿಕೊಳ್ಳುತ್ತವೆ. ನುಸಿಗುಳಿಗೆ, ಲಿಲ್ಲಿ ಹೂವು, ನಾಯಿಗೆ ಹಾಕುವ ಉಣ್ಣೆ-ಚಿಗಟದ ಔಷಧ, ಇವು ಯಾವುದೂ ಹತ್ತಿರ ಇರಬಾರದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಸಾರನ್ನ ಕಲಸಿ ಹಾಕುವುದು ನಮ್ಮ ಪ್ರೀತಿ, ಆದರೆ ಬೇಡ.

ಕೆಂಚನ ಇನ್ನೊಂದು ತೊಂದರೆ ಕಚ್ಚುವುದು. ಮರಿಗಳು ಆಡುವಾಗ ಜೋರಾಗಿ ಕಚ್ಚಿದರೆ ಜೊತೆಯದು ಕಿರುಚಿ ಆಟ ನಿಲ್ಲಿಸುತ್ತದೆ. ಎಷ್ಟು ಕಚ್ಚಬಹುದು ಅಂತ ಕಲಿಯುವುದು ಹೀಗೇ. ಒಂಟಿಯಾಗಿ ಬೆಳೆದ ಮರಿ ಇದನ್ನು ಕಲಿಯುವುದು ಕಷ್ಟ. ಒಂದರ ಬದಲು ಎರಡು ಮರಿ ಸಾಕಿ ಅಂತ ತಿಳಿದವರು ಹೇಳುವುದು ಇದಕ್ಕೇ. ಬೂದಿ ಬೇರೆ ಕೋಣೆಯಲ್ಲಿದ್ದ ಹೊತ್ತಿನಲ್ಲಿ ಕೆಂಚ ನನ್ನ ಕೈಯನ್ನೇ ಬೇಟೆ ಮಾಡಿಕೊಂಡ. ಮನೆಗೆ ಬಂದವರೆಲ್ಲ ಬೆರಳು ಆಡಿಸಿ ನಗುತ್ತಿದ್ದರು. 500 ಗ್ರಾಮಿನ ಮರಿ ಕಚ್ಚಿದರೆ ಮುದ್ದು, ನಾಲ್ಕು ಕಿಲೋದ ಬೆಕ್ಕು ಕಚ್ಚಿದರೆ ಆಸ್ಪತ್ರೆ. ಕೈ ಆಟದ ವಸ್ತು ಅಲ್ಲ ಅಂತ ಎಲ್ಲರಿಗೂ ಹೇಳಿದೆ. ಕೋಲಿಗೆ ದಾರ, ದಾರಕ್ಕೆ ಬಟ್ಟೆ ಚೂರು ಕಟ್ಟಿದೆ. ಆಟ ಮುಗಿದ ಮೇಲೆ ದಾರ ಎತ್ತಿಡಬೇಕು, ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಕಚ್ಚಿದ ಕೂಡಲೇ ಸದ್ದಿಲ್ಲದೆ ಎದ್ದು ಹೋಗುತ್ತಿದ್ದೆ. ಬೈಯುವುದರಿಂದ, ಹೊಡೆಯುವುದರಿಂದ ಬೆಕ್ಕು ಕಲಿಯುವುದು ಒಂದೇ, ನಮ್ಮನ್ನು ಕಂಡರೆ ಹೆದರುವುದು.

ಪರಚಿದ ಗಾಯದ ಬಗ್ಗೆ ಉಡಾಫೆ ಬೇಡ. ಬೀದಿಯಿಂದ ಬಂದ ಮರಿ ಕಚ್ಚಿದರೆ ಅಥವಾ ರಕ್ತ ಬರುವ ಹಾಗೆ ಪರಚಿದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಾಯಿಯಿಂದ ಮಾತ್ರ ಬರುವುದಲ್ಲ. ಬೂದಿ ಪರಚಿದ ದಿನ ನಾನೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿಕೊಂಡೆ.

ಇಬ್ಬರೂ ಒಟ್ಟಿಗೆ

ಇಬ್ಬರನ್ನೂ ಯಾವಾಗಲೂ ಒಟ್ಟಿಗೆ ಇಡಬೇಕಾ, ಬೇರೆ ಇಡಬೇಕಾ? ನಾನು ಕಂಡುಕೊಂಡದ್ದು, ಎರಡೂ ಬೇಕು. ಬೆಕ್ಕುಗಳು ನೋಡಿ ಕಲಿಯುತ್ತವೆ. ಕೆಂಚ ನನ್ನ ಮಡಿಲಲ್ಲಿ ಗುರ್ ಗುರ್ ಎನ್ನುವುದನ್ನು ಬೂದಿ ಡಬ್ಬದ ತೂತಿನಿಂದ ನೋಡುತ್ತಿದ್ದಳು. ಅದು ನನ್ನ ಹತ್ತು ಸೌಟಿನ ಊಟಕ್ಕಿಂತ ದೊಡ್ಡ ಪಾಠ. ಆದರೆ ಸದಾ ಒಟ್ಟಿಗಿದ್ದರೆ ಪುಕ್ಕಲು ಮರಿಗೆ ಅಣ್ಣನೇ ಸಾಕಾಗಿಬಿಡುತ್ತಾನೆ, ಮನುಷ್ಯರು ಬೇಡವಾಗುತ್ತಾರೆ. ಊಟ, ಆಟ, ಜಾಗ ಎಲ್ಲದರಲ್ಲೂ ಧೈರ್ಯದ್ದೇ ಮುಂದೆ. ಮೊದಲ ವಾರ ಒಂದೇ ತಟ್ಟೆ ಇಟ್ಟಾಗ ಕೆಂಚ 90 ಗ್ರಾಂ ಏರಿದ, ಬೂದಿ 30 ಗ್ರಾಂ ಮಾತ್ರ. ತಟ್ಟೆ ಬೇರೆ, ಕೋಣೆ ಬೇರೆ ಮಾಡಿದ ಮೇಲೆ ಸರಿಹೋಯಿತು. ದಿನದಲ್ಲಿ ನಾಲ್ಕು ಹೊತ್ತು ಬೂದಿ ನನ್ನ ಜೊತೆ ಒಬ್ಬಳೇ, ಉಳಿದಂತೆ ಇಬ್ಬರೂ ಜೊತೆಗೆ.

ಕಕ್ಕದ ಟ್ರೇ ಎರಡು ಮರಿಗೆ ಎರಡಾದರೂ ಬೇಕು, ಮೂರಿದ್ದರೆ ಒಳ್ಳೆಯದು. ಧೈರ್ಯದ್ದು ದಾರಿಯಲ್ಲಿ ಕೂತಿದ್ದರೆ ಪುಕ್ಕಲು ಮರಿ ಟ್ರೇಗೆ ಹೋಗದೆ ಹಾಸಿಗೆಯ ಮೇಲೆ ಮಾಡುತ್ತದೆ, ಬೈಸಿಕೊಳ್ಳುತ್ತದೆ, ಇನ್ನಷ್ಟು ಅಡಗುತ್ತದೆ. ಚಿಕ್ಕ ಮರಿಗಳು ಟ್ರೇಯಲ್ಲಿರುವುದನ್ನು ಬಾಯಿಗೆ ಹಾಕಿಕೊಳ್ಳುವುದರಿಂದ ಗಟ್ಟಿಯಾಗಿ ಉಂಡೆ ಕಟ್ಟುವ ಲಿಟರ್, ಅಂದರೆ ಟ್ರೇಗೆ ತುಂಬುವ ಪುಡಿ, ಬೇಡ. ಮೊದಲು ಮರಳು ಅಥವಾ ಪೇಪರ್ ಚೂರು ಸಾಕು.

ಜಂತಿನ ಔಷಧ ಎರಡು ವಾರಕ್ಕೊಮ್ಮೆ, ಡಾಕ್ಟರು ತೂಕ ನೋಡಿ ಹೇಳಿದಷ್ಟು. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು. ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ಆಗುವವರೆಗೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಲಸಿಕೆಯ ಕೆಲಸಕ್ಕೆ ಅಡ್ಡ ಬರುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆ ಎಂದು ಹೇಳಲಾಗದು, ಅದಕ್ಕೇ ಹಲವು ಸಲ. ಇದರಲ್ಲಿ ಪ್ಯಾನ್‌ಲ್ಯುಕೋಪೀನಿಯಾ ಲಸಿಕೆ ತಪ್ಪಿಸಲೇಬಾರದು. ಅದು ನಾಯಿಗಳ ಪಾರ್ವೋ ರೋಗದ ಬೆಕ್ಕಿನ ರೂಪ. ವಾಂತಿ, ಭೇದಿ ಶುರುವಾಗಿ ಒಂದೆರಡು ದಿನದಲ್ಲೇ ಮರಿ ಹೋಗಿಬಿಡಬಹುದು. ಆ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ರೇಬೀಸ್ ಲಸಿಕೆ 12 ವಾರದ ನಂತರ.

ಅಣ್ಣ-ತಂಗಿ ಅಂತ ಬೆಕ್ಕುಗಳಿಗೆ ಇಲ್ಲ. ಹೆಣ್ಣುಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು. ಬಸಿರು ಬರೀ ಒಂಬತ್ತು ವಾರ. ತಾನೇ ಮರಿಯಾಗಿರುವಾಗ ಮರಿ ಹಾಕುವ ಸ್ಥಿತಿ ಬರಬಾರದು. ಡಾಕ್ಟರ ಹತ್ತಿರ ಮಾತಾಡಿ ನಾಲ್ಕು-ಐದು ತಿಂಗಳಿಗೆ ಇಬ್ಬರಿಗೂ ಆಪರೇಷನ್ ಮಾಡಿಸಿದೆ. "ಒಂದು ಸಲವಾದರೂ ಮರಿ ಹಾಕಲಿ ಬಿಡಿ" ಅಂತ ಹೇಳಿದವರು ಬಹಳ ಜನ. ಆ ಇಟ್ಟಿಗೆ ಸಂದಿ ನನಗೆ ನೆನಪಿತ್ತು.

ಮರಿಗಳನ್ನು ಬೇರೆಯವರಿಗೆ ಕೊಡುವುದಾದರೆ ಸ್ವಭಾವವನ್ನು ಮುಚ್ಚಿಡದೆ ಹೇಳಬೇಕು. ಚಿಕ್ಕ ಮಕ್ಕಳು, ಬಂದು ಹೋಗುವ ನೆಂಟರು ಇರುವ ಮನೆಗೆ ಕೆಂಚನಂಥವನು ಸರಿ. ಬೂದಿಯಂಥವಳಿಗೆ ನಿವೃತ್ತರ ಶಾಂತವಾದ ಮನೆ ಸರಿ. ಮೊದಲ ದಿನವೇ "ಬಂದು ಮಡಿಲಲ್ಲಿ ಕೂರುತ್ತಾಳೆ" ಅಂತ ಸುಳ್ಳು ಹೇಳಿ ಕೊಟ್ಟರೆ, ತಿಂಗಳೊಳಗೆ ಅವಳು ವಾಪಸ್ ಬರುತ್ತಾಳೆ, ಬರುವಾಗ ಇನ್ನಷ್ಟು ಭಯ ಹೊತ್ತುಕೊಂಡು. ನಾನು ಕೊಡಲಿಲ್ಲ. ಇಬ್ಬರೂ ಇಲ್ಲೇ ಇದ್ದಾರೆ.

ಕೆಂಚನಿಗೆ ಈಗ ಒಂದು ವರ್ಷ, ನಾಲ್ಕು ಕಿಲೋ ದಾಟಿದ್ದಾನೆ. ಕೊರಿಯರ್ ಹುಡುಗ ಬಂದರೂ ಬಾಗಿಲಿಗೆ ಹೋಗಿ ಅವನ ಶೂ ಮೂಸುತ್ತಾನೆ. ಬೂದಿ ಕಾಲಿಂಗ್ ಬೆಲ್ ಆದರೆ ಈಗಲೂ ಒಳಗೆ ಓಡುತ್ತಾಳೆ. ಬಂದವರು "ನಿಮ್ಮ ಮನೇಲಿ ಒಂದೇ ಬೆಕ್ಕಾ?" ಅಂತ ಕೇಳುತ್ತಾರೆ. ಅವರು ಹೋದ ಮೇಲೆ, ರಾತ್ರಿ ದೀಪ ಆರಿಸಿದ ಮೇಲೆ, ಮಂಚದ ಕಾಲಿನ ಕಡೆಯಿಂದ ಮೆಲ್ಲಗೆ ಹತ್ತಿ ಬರುತ್ತಾಳೆ. ನನ್ನ ಮೊಣಕಾಲಿನ ಹಿಂದೆ, ಹೊದಿಕೆಯ ಮೇಲೆ, ಬೆನ್ನು ಒತ್ತಿಕೊಂಡು ಮಲಗುತ್ತಾಳೆ. ಆಗ ನಾನು ಮಗ್ಗುಲು ಬದಲಿಸುವುದಿಲ್ಲ.